ಯಾರ ತೋಳು, ಯಾರ ಹೊಲಿಗೆ

ಎರಡು ಜಾಕೆಟ್‌ಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಮತ್ತೆ ಮತ್ತೆ ನೋಡುತ್ತಿದ್ದೇನೆ. ಒಂದು 1989ರದ್ದು. ತೊಟ್ಟವರು ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಓಟಗಾರ್ತಿ ಡಯೇನ್ ಡಿಕ್ಸನ್. ಮೈಗೆ ತುಪ್ಪಳ, ಭುಜದಿಂದ ಮಣಿಕಟ್ಟಿನವರೆಗೆ ಗಾಳಿ ತುಂಬಿದ ಹಾಗೆ ಉಬ್ಬಿದ ತೋಳು, ತೋಳಿನ ಮೇಲೆಲ್ಲ ಲೂಯಿ ವಿಟಾನ್ ಕಂಪನಿಯ ಮುದ್ರೆ. ಮಾಡಿದ್ದು ಮಾತ್ರ ಆ ಕಂಪನಿಯಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಂಗಡಿ ಇಟ್ಟಿದ್ದ ಡೇನಿಯಲ್ ಡೇ. ಊರಿಗೆಲ್ಲ ಅವರು ಡ್ಯಾಪರ್ ಡ್ಯಾನ್. ಇನ್ನೊಂದು ಜಾಕೆಟ್ 2017ರ ಮೇ ತಿಂಗಳದ್ದು. ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿ ಗುಚ್ಚಿ ಕಂಪನಿಯ ಪ್ರದರ್ಶನ, ವಿನ್ಯಾಸಕ ಅಲೆಸ್ಸಾಂಡ್ರೊ ಮಿಕೆಲೆ. ಅದೇ ತುಪ್ಪಳ, ಅದೇ ಉಬ್ಬು ತೋಳು. ವಿಟಾನ್ ಮುದ್ರೆ ಇದ್ದ ಕಡೆ ಗುಚ್ಚಿಯ ಎರಡು ‘ಜಿ’.

ಡಿಕ್ಸನ್ ತಮ್ಮ ಹಳೆಯ ಫೋಟೋ ತೆಗೆದು ಜನರ ಮುಂದಿಟ್ಟರು. ಗದ್ದಲವೆದ್ದಿತು. ಇದು ಗೌರವ ಸಲ್ಲಿಕೆ ಎಂದಿತು ಗುಚ್ಚಿ. ಅದೇ ವರ್ಷ ಡ್ಯಾನ್ ಜೊತೆ ಒಪ್ಪಂದವಾಯಿತು. 2018ರಲ್ಲಿ ಹಾರ್ಲೆಮ್‌ನಲ್ಲೇ, ಗುಚ್ಚಿ ಒದಗಿಸಿದ ಬಟ್ಟೆಯಲ್ಲಿ ಡ್ಯಾನ್ ಹೊಲಿದುಕೊಡುವ ಮನೆ ತೆರೆಯಿತು. ಕಥೆ ಸುಖಾಂತವಾಯಿತೆಂದು ಪುಟ ತಿರುಗಿಸಲು ನನಗೆ ಆಗುತ್ತಿಲ್ಲ. ಇಟಲಿಯ ಕಂಪನಿ ಹಾರ್ಲೆಮ್‌ನಿಂದ ತೆಗೆದುಕೊಂಡದ್ದು ನಿಜವಾಗಿ ಏನನ್ನು? ಮುದ್ರೆ ಮೊದಲಿನಿಂದಲೂ ಇಂಥ ಕಂಪನಿಗಳದ್ದೇ. ತುಪ್ಪಳ ಯಾರದೂ ಅಲ್ಲ. ಉಳಿದದ್ದು ಆ ತೋಳಿನ ಉಬ್ಬು, ಮತ್ತು ಮುದ್ರೆಯನ್ನು ಅಷ್ಟು ದೊಡ್ಡದಾಗಿ, ಅಷ್ಟು ಧೈರ್ಯವಾಗಿ ಮೈತುಂಬ ಹೊತ್ತುಕೊಳ್ಳುವ ಒಂದು ರೀತಿ.

*

ಹಾರ್ಲೆಮ್‌ನ 125ನೇ ರಸ್ತೆಯಲ್ಲಿ ಆ ಅಂಗಡಿ ಶುರುವಾದದ್ದು 1982ರಲ್ಲಿ. ವಾರದ ಏಳೂ ದಿನ, ಹಗಲೂ ರಾತ್ರಿ ಬಾಗಿಲು ತೆರೆದಿರುತ್ತಿತ್ತು. ಗಿರಾಕಿಗಳು ಅಂಥವರು: ಜೂಜುಕೋರರು, ಬೀದಿ ದಂಧೆಯಲ್ಲಿ ದಿಢೀರನೆ ದುಡ್ಡು ಕಂಡವರು, ಅವರ ಹಿಂದೆಯೇ ರ‍್ಯಾಪ್ ಹಾಡುವ ಹುಡುಗರು. ಡ್ಯಾನ್ ಮೊದಲು ತುಪ್ಪಳದ ಕೋಟು ಮಾರುತ್ತಿದ್ದರು. ಒಬ್ಬ ಗಿರಾಕಿಯ ಕೈಯಲ್ಲಿದ್ದ ಪುಟ್ಟ ವಿಟಾನ್ ಚೀಲವನ್ನು ಉಳಿದವರು ಸುತ್ತುವರಿದು ನೋಡಿದಾಗ ಅವರಿಗೆ ದಾರಿ ಹೊಳೆಯಿತು. ಅಷ್ಟು ಚಿಕ್ಕ ಚೀಲಕ್ಕೆ ಇಷ್ಟು ಮರ್ಯಾದೆಯಾದರೆ ಮೈಯಿಡೀ ಅದನ್ನೇ ಹೊದ್ದವನಿಗೆ ಎಷ್ಟು ಸಿಗಬಹುದು?

ಹೊಳೆದದ್ದನ್ನು ಮಾಡಿ ತೋರಿಸಲು ಕೈಕೆಲಸ ಬೇಕು. ಚರ್ಮದ ಮೇಲೆ ಹಾಕಿದ ಬಣ್ಣ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಉಜ್ಜಿದರೆ ಎದ್ದುಬರುತ್ತದೆ. ಡ್ಯಾನ್ ಸ್ಕ್ರೀನ್ ಪ್ರಿಂಟಿಂಗ್ ಅನ್ನು ತಾವಾಗಿಯೇ ಕಲಿತರು. ಚರ್ಮದಲ್ಲಿ ಕೂತು ನಿಲ್ಲುವ ಬಣ್ಣ ಯಾವುದೆಂದು ಪ್ರಯೋಗ ಮಾಡಿ ಕಂಡುಕೊಂಡರು. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಿಂದ ಬಂದ ದರ್ಜಿಗಳನ್ನು ಇಟ್ಟುಕೊಂಡರು. ರ‍್ಯಾಪ್ ಜೋಡಿ ಎರಿಕ್ ಬಿ ಮತ್ತು ರಕೀಮ್ 1987ರ ‘ಪೇಯ್ಡ್ ಇನ್ ಫುಲ್’ ಆಲ್ಬಮ್ಮಿನ ಹೊದಿಕೆಯಲ್ಲಿ ತೊಟ್ಟ ಜಾಕೆಟ್‌ಗಳು ಇಲ್ಲಿ ಹೊಲಿದವು. ಎಲ್‌ಎಲ್ ಕೂಲ್ ಜೆ ಎಂಬ ರ‍್ಯಾಪ್ ಹಾಡುಗಾರ ಇಲ್ಲಿನ ಗಿರಾಕಿ, ಬಾಕ್ಸರ್ ಮೈಕ್ ಟೈಸನ್ ಕೂಡ.

ಇಲ್ಲೊಂದು ವಿಷಯವನ್ನು ಅಡಿಗೆರೆ ಎಳೆದು ಬರೆದುಕೊಂಡಿದ್ದೇನೆ. ಆ ದಿನಗಳಲ್ಲಿ ಲೂಯಿ ವಿಟಾನ್ ಕಂಪನಿ ಸಿದ್ಧ ಉಡುಪು ಮಾಡುತ್ತಲೇ ಇರಲಿಲ್ಲ. ಅದರದ್ದು ಪೆಟ್ಟಿಗೆ, ಚೀಲಗಳ ವ್ಯಾಪಾರ. ಅದರ ಮೊದಲ ಉಡುಪು ಸಂಗ್ರಹ ಹೊರಬಂದದ್ದು 1998ರಲ್ಲಿ. ಅಂದರೆ ಡ್ಯಾನ್ ನಕಲು ಮಾಡಲು ಅಸಲು ಎಂಬುದೇ ಅಲ್ಲಿರಲಿಲ್ಲ. ವಿಟಾನ್ ಮುದ್ರೆಯ ಜಾಕೆಟ್ಟು ಪ್ಯಾರಿಸ್ಸಿಗಿಂತ ಮೊದಲು ಹಾರ್ಲೆಮ್‌ನಲ್ಲಿ ಹುಟ್ಟಿತು.

ಆದರೂ ಕಾನೂನಿನ ಪ್ರಕಾರ ತಪ್ಪಿತಸ್ಥರು ಡ್ಯಾನ್ ಅವರೇ. ಕಂಪನಿಗಳು ಒಂದೊಂದಾಗಿ ಬೆನ್ನುಹತ್ತಿದವು, ದಾಳಿಗಳಾದವು, ಸರಕು ಹೋಯಿತು. ಫೆಂಡಿ ಕಂಪನಿಯ ಪರವಾಗಿ ಬಂದ ವಕೀಲೆ ಸೋನಿಯಾ ಸೊಟೊಮೇಯರ್. ಮುಂದೆ 2009ರಲ್ಲಿ ಅವರು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1992ರಲ್ಲಿ ಅಂಗಡಿ ಮುಚ್ಚಿತು.

*

ಕಾನೂನಿನ ಈ ಓರೆಯನ್ನು ಸ್ವಲ್ಪ ನಿಂತು ನೋಡಬೇಕು. ಅಮೆರಿಕದಲ್ಲಿ ಕಂಪನಿಯ ಮುದ್ರೆಗೆ ಟ್ರೇಡ್‌ಮಾರ್ಕ್ ರಕ್ಷಣೆಯಿದೆ. ಬಟ್ಟೆಯ ಮೇಲಿನ ಚಿತ್ರಕ್ಕೆ ಕಾಪಿರೈಟ್ ಇದೆ. ಅಂಗಿಯ ಕತ್ತರಿಕೆಗೆ, ತೋಳಿನ ಆಕಾರಕ್ಕೆ ಇಲ್ಲ. ಉಡುಪು ಬಳಕೆಯ ವಸ್ತು ಎಂಬ ಲೆಕ್ಕ. ಹಾಗಾಗಿ ಡ್ಯಾನ್ ಮುದ್ರೆ ಬಳಸಿದಾಗ ಕಂಪನಿಗಳು ನ್ಯಾಯಾಲಯಕ್ಕೆ ಹೋಗಬಹುದಿತ್ತು. ಕಂಪನಿ ಡ್ಯಾನ್ ಅವರ ತೋಳನ್ನು ತೆಗೆದುಕೊಂಡಾಗ ಡ್ಯಾನ್ ಹೋಗಬಹುದಾದ ಜಾಗವಿರಲಿಲ್ಲ. ಅವರಿಗೆ ನ್ಯಾಯ ಸಿಕ್ಕಿದ್ದು ಫೋಟೋ ನೋಡಿ ಸಿಟ್ಟಿಗೆದ್ದ ಜನರಿಂದ. ಆ ಫೋಟೋ ಯಾರದೋ ಅಟ್ಟದಲ್ಲಿ ಉಳಿದುಹೋಗಿದ್ದರೆ?

*

ಇನ್ನೊಂದು ಪ್ರಸಂಗ: ಲೇಸಿಲ್ಲದ ಬೂಟು. ರನ್-ಡಿಎಂಸಿ ಎಂಬ ರ‍್ಯಾಪ್ ತಂಡದವರು ನ್ಯೂಯಾರ್ಕಿನ ಕ್ವೀನ್ಸ್‌ನ ಹೋಲಿಸ್ ಬಡಾವಣೆಯ ಹುಡುಗರು. 1969ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆಂದು ಬಂದ ಅಡಿಡಾಸ್ ಸೂಪರ್‌ಸ್ಟಾರ್ ಬೂಟನ್ನು ಅವರು ಲೇಸು ತೆಗೆದು, ನಾಲಿಗೆ ಹೊರಚಾಚಿ ಹಾಕಿಕೊಳ್ಳುತ್ತಿದ್ದರು. ಜೈಲಿನಲ್ಲಿ ಕೈದಿಗಳ ಲೇಸು ಕಸಿದುಕೊಳ್ಳುತ್ತಾರೆ, ಈ ರೂಢಿ ಅಲ್ಲಿಂದ ಬೀದಿಗೆ ಬಂತು ಎನ್ನುತ್ತಾರೆ. ಜೆರಾಲ್ಡ್ ಡೀಸ್ ಎಂಬ ವೈದ್ಯರು ಇಂಥ ಬೂಟಿನ ಹುಡುಗರನ್ನು ಅಪರಾಧಿಗಳಿಗೆ ಹೋಲಿಸಿ ಪದ್ಯ ಕಟ್ಟಿದರು. ನೊಂದ ಹುಡುಗರು ಉತ್ತರವಾಗಿ 1986ರಲ್ಲಿ ‘ಮೈ ಅಡಿಡಾಸ್’ ಹಾಡಿದರು. ಅದೇ ಬೇಸಿಗೆಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ವೇದಿಕೆಯಿಂದ ಕೇಳಿದ ಒಂದೇ ಮಾತಿಗೆ ಸಾವಿರಾರು ಜನ ತಮ್ಮ ಬೂಟು ಬಿಚ್ಚಿ ಮೇಲೆತ್ತಿ ಹಿಡಿದರು. ಅಲ್ಲಿದ್ದ ಅಡಿಡಾಸ್ ಅಧಿಕಾರಿಯೊಬ್ಬರು ಕಣ್ಣಾರೆ ನೋಡಿದರು. ಹತ್ತು ಲಕ್ಷ ಡಾಲರ್ ಮೀರಿದ ಒಪ್ಪಂದವಾಯಿತು.

ಬೂಟು ಕಂಪನಿಯದು, ಅದರಲ್ಲಿ ಹುಡುಗರು ಒಂದು ಹೊಲಿಗೆಯನ್ನೂ ಬದಲಿಸಲಿಲ್ಲ. ಕಂಪನಿ ಕೊಟ್ಟದ್ದರಲ್ಲಿ ಒಂದನ್ನು ಕಳೆದರು, ಅಷ್ಟೆ. ಆ ಕಳೆಯುವಿಕೆಗೆ ಹತ್ತು ಲಕ್ಷ ಸಂದಿತು. ಇದು ನನಗೆ ಖುಷಿ ಕೊಡುವ ಪ್ರಸಂಗ, ಯಾಕೆಂದರೆ ಹಣ ಹೋಗಬೇಕಾದವರಿಗೇ ಹೋಯಿತು. ಅಪರೂಪ.

*

ಬೀದಿಯ ಬಡ ಹುಡುಗರು ಹುಟ್ಟಿಸುತ್ತಾರೆ, ದೊಡ್ಡ ವಿನ್ಯಾಸಕರು ಕದಿಯುತ್ತಾರೆ ಎಂದು ಒಂದೇ ಗೆರೆ ಎಳೆಯಲು ಹೊರಟರೆ ಲಂಡನ್ನಿನ ಪಂಕ್ ಸಂಗೀತ ಅಡ್ಡ ಬರುತ್ತದೆ. ಅಲ್ಲಿ ಅಂಗಡಿ ಮೊದಲು, ವಾದ್ಯಗೋಷ್ಠಿ ಆಮೇಲೆ.

430, ಕಿಂಗ್ಸ್ ರೋಡ್. ಶಾಲಾ ಶಿಕ್ಷಕಿಯಾಗಿದ್ದ ವಿವಿಯೆನ್ ವೆಸ್ಟ್‌ವುಡ್ ಮತ್ತು ಅವರ ಸಂಗಾತಿ ಮ್ಯಾಲ್ಕಮ್ ಮೆಕ್‌ಲಾರೆನ್ 1971ರಲ್ಲಿ ಅಲ್ಲಿ ವ್ಯಾಪಾರ ಆರಂಭಿಸಿದರು. ಹೆಸರು ‘ಲೆಟ್ ಇಟ್ ರಾಕ್’. ಐವತ್ತರ ದಶಕದ ರಾಕ್ ಅಂಡ್ ರೋಲ್ ಪ್ರೇಮಿಗಳ ಉಡುಪು ಮಾರಿದರು. ಆಮೇಲೆ ಬೈಕು ಸವಾರರ ಚರ್ಮದ ಉಡುಪು, ಹೊಸ ಹೆಸರು. 1974ರಲ್ಲಿ ‘ಸೆಕ್ಸ್’, ಬಾಗಿಲ ಮೇಲೆ ಗುಲಾಬಿ ಬಣ್ಣದ ದಪ್ಪ ಅಕ್ಷರ. 1976ರ ಕೊನೆಗೆ ‘ಸೆಡಿಷನರೀಸ್’. ಆಮೇಲೆ ‘ವರ್ಲ್ಡ್ಸ್ ಎಂಡ್’. ಗೋಡೆಯ ಮೇಲೆ ಹದಿಮೂರು ಗಂಟೆಗಳ, ಹಿಂದಕ್ಕೆ ಓಡುವ ಗಡಿಯಾರ, ಕಾಲ ಕೆಳಗೆ ಓರೆಯಾದ ನೆಲ. ಪ್ರತಿ ಸಲ ಹೆಸರಿನ ಜೊತೆ ಬಟ್ಟೆ ಬದಲಾಯಿತು, ಬಟ್ಟೆಯ ಜೊತೆ ಸಂಗೀತ.

ಸೆಕ್ಸ್ ಪಿಸ್ತೂಲ್ಸ್ ತಂಡ ಹುಟ್ಟಿದ್ದು ಆ ಅಂಗಡಿಯ ಮಡಿಲಲ್ಲಿ. ಗ್ಲೆನ್ ಮ್ಯಾಟ್ಲಾಕ್ ಅಲ್ಲಿ ಶನಿವಾರದ ಕೆಲಸಗಾರ. ಜಾನ್ ಲೈಡನ್‌ಗೆ ಹಾಡುಗಾರನ ಜಾಗ ಸಿಗಲು ಒಂದು ಕಾರಣ ಅವರು ಹಾಕಿಕೊಂಡಿದ್ದ ಟೀ ಶರ್ಟು. ಪಿಂಕ್ ಫ್ಲಾಯ್ಡ್ ತಂಡದ ಆ ಶರ್ಟಿನ ಮೇಲೆ ಅವರು ಕೈಯಾರೆ ‘ದ್ವೇಷಿಸುತ್ತೇನೆ’ ಎಂಬರ್ಥದ ಮಾತು ಸೇರಿಸಿದ್ದರು. ಪಿಸ್ತೂಲ್ಸ್ ತಂಡದ ಹಾಡು ಯಾರೂ ಕೇಳುವ ಮೊದಲೇ ಅದರ ಉಡುಪು ಅಂಗಡಿಯಲ್ಲಿ ತೂಗುತ್ತಿತ್ತು. ಇನ್ನು ಆ ಹರಿದ ಅಂಗಿ? ನ್ಯೂಯಾರ್ಕಿನ ಹಾಡುಗಾರ ರಿಚರ್ಡ್ ಹೆಲ್ ಮೈಮೇಲೆ ಮೆಕ್‌ಲಾರೆನ್ ಅದನ್ನು ನೋಡಿ ಬಂದಿದ್ದರು. ಹಾಗಾದರೆ ಇಲ್ಲಿ ಮೂಲ ಯಾವುದು: ಹೆಲ್ ಅವರ ಹರಕು ಅಂಗಿಯೇ, ವೆಸ್ಟ್‌ವುಡ್ ಅವರ ಹೊಲಿಗೆ ಯಂತ್ರವೇ, ಲೈಡನ್ ಬಳಿದ ಮಾತೇ? ಉತ್ತರ ಸಿಕ್ಕಿತೆಂದುಕೊಳ್ಳುವಷ್ಟರಲ್ಲಿ ಅದು ಇನ್ನೊಬ್ಬರ ಕೈಗೆ ಜಾರಿಕೊಳ್ಳುತ್ತದೆ.

ಅಂಗಡಿಯ ಬಟ್ಟೆ ಅಗ್ಗವಿರಲಿಲ್ಲ. ಕೊಳ್ಳಲಾಗದ ಹುಡುಗ ಹುಡುಗಿಯರು ಶಾಲೆಯ ಬ್ಲೇಜರ್ ಕತ್ತರಿಸಿದರು, ಅಪ್ಪನ ಶರ್ಟಿಗೆ ಬಣ್ಣ ಎರಚಿದರು, ಹರಿದಲ್ಲಿ ಸೇಫ್ಟಿ ಪಿನ್ನು ಚುಚ್ಚಿದರು. ನನ್ನ ಮಟ್ಟಿಗೆ ಪಂಕ್ ಉಡುಪಿನ ಜೀವ ಈ ಮಕ್ಕಳ ಕೈಯಲ್ಲಿದೆ. ಪೂರ್ತಿ ಪಂಕ್ ಆಗಿ ಬದುಕುವುದಕ್ಕೆ ಬೆಲೆಯೂ ಇತ್ತು. ಅಂಗಡಿಯ ಸಹಾಯಕಿ ಜಾರ್ಡನ್ ಎಂದೇ ಹೆಸರಾದ ಪಮೇಲಾ ರೂಕ್ ಸಮುದ್ರ ತೀರದ ಸೀಫರ್ಡ್ ಊರಿನಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಅವರ ವೇಷ ಕಂಡು ಪ್ರಯಾಣಿಕರು ಎಷ್ಟು ಕೆರಳುತ್ತಿದ್ದರೆಂದರೆ, ರೈಲು ಸಿಬ್ಬಂದಿ ಅವರ ರಕ್ಷಣೆಗಾಗಿ ಮೊದಲ ದರ್ಜೆಯ ಡಬ್ಬಿಯಲ್ಲಿ ಕೂರಿಸುತ್ತಿದ್ದರು.

1977ರಲ್ಲಿ, ಪಂಕ್ ಬಿಸಿ ಆರುವ ಮೊದಲೇ, ಝಾಂಡ್ರಾ ರೋಡ್ಸ್ ಎಂಬ ಹೆಸರಾಂತ ವಿನ್ಯಾಸಕಿ ತೂತು ಮಾಡಿದ ಜರ್ಸಿ ಬಟ್ಟೆಗೆ ಮಣಿ ಕೂರಿಸಿದ ಪಿನ್ನು ಹಾಕಿ ಶ್ರೀಮಂತರ ಸಂಜೆಯುಡುಪು ಮಾಡಿದರು. 1994ರಲ್ಲಿ ನಟಿ ಎಲಿಜಬೆತ್ ಹರ್ಲಿ ತೊಟ್ಟ ವರ್ಸಾಚೆ ಉಡುಪನ್ನು ದೊಡ್ಡ ಚಿನ್ನದ ಬಣ್ಣದ ಪಿನ್ನುಗಳು ಹಿಡಿದಿಟ್ಟಿದ್ದವು. ಆ ಪಿನ್ನು ಹರಿದದ್ದನ್ನು ಕೂಡಿಸುವ ಕೆಲಸ ಬಿಟ್ಟಿತ್ತು. ಕಣ್ಣಿಗೆ ಅದೇ ಪಿನ್ನು, ಅದರ ಉದ್ಯೋಗ ಬೇರೆ. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ ಪಂಕ್ ಮತ್ತು ಉನ್ನತ ಫ್ಯಾಷನ್ ಕುರಿತು ಪ್ರದರ್ಶನ ಮಾಡಿದಾಗ, ಪಂಕ್ ತಂಡಗಳು ಹಾಡುತ್ತಿದ್ದ ಸಿಬಿಜಿಬಿ ಕ್ಲಬ್ಬಿನ ಕೊಳಕು ಶೌಚಾಲಯವನ್ನೂ ಮರುಸೃಷ್ಟಿಸಿತು.

*

ಎರಡು ಬೆಂಕಿಗಳು.

2016ರ ನವೆಂಬರ್ 26. ಸೆಕ್ಸ್ ಪಿಸ್ತೂಲ್ಸ್ ತಂಡದ ಮೊದಲ ಹಾಡಿನ ಮುದ್ರಿಕೆ ಹೊರಬಂದು ನಲವತ್ತು ವರ್ಷ. ವೆಸ್ಟ್‌ವುಡ್ ಮತ್ತು ಮೆಕ್‌ಲಾರೆನ್ ಅವರ ಮಗ ಜೋ ಕೊರೆ, ತಾವೇ 50 ಲಕ್ಷ ಪೌಂಡ್ ಬೆಲೆ ಕಟ್ಟಿದ ಪಂಕ್ ಬಟ್ಟೆಬರೆ, ನೆನಪಿನ ಸಾಮಾನುಗಳನ್ನು ಥೇಮ್ಸ್ ನದಿಯ ದೋಣಿಯಲ್ಲಿ ಸುಟ್ಟರು. ಪಂಕ್ ಮ್ಯೂಸಿಯಮ್ಮಿನ ವಸ್ತುವಾದದ್ದಕ್ಕೆ ಪ್ರತಿಭಟನೆ.

ಇನ್ನೊಂದು ಅದಕ್ಕೂ ಹಿಂದಿನದು. ತೊಂಬತ್ತರ ದಶಕದ ಆರಂಭದಲ್ಲಿ ವಿನ್ಯಾಸಕ ಮಾರ್ಕ್ ಜೇಕಬ್ಸ್ ಗ್ರಂಜ್ ಎಂಬ ರಾಕ್ ಸಂಗೀತದ ಬಳಗವನ್ನು ನೋಡಿ ಮಾಡಿದ ತಮ್ಮ ಸಂಗ್ರಹದ ಉಡುಪುಗಳನ್ನು ನಿರ್ವಾಣ ತಂಡದ ಹಾಡುಗಾರ ಕರ್ಟ್ ಕೊಬೇನ್ ಮತ್ತು ಹಾಡುಗಾರ್ತಿ ಕೋರ್ಟ್ನಿ ಲವ್ ದಂಪತಿಗೆ ಕಳಿಸಿದರು. ಇಬ್ಬರೂ ಅವನ್ನು ಸುಟ್ಟುಹಾಕಿದರೆಂದು ಲವ್ ಅವರೇ ಮುಂದೆ ಹೇಳಿದ್ದಾರೆ.

ಮೊದಲನೆಯ ಬೆಂಕಿ ನನಗೆ ನೋವು ತರುತ್ತದೆ. ಸುಟ್ಟದ್ದರಲ್ಲಿ ಕೈಹೊಲಿಗೆಗಳಿದ್ದವು, ಅವನ್ನು ನೋಡಿ ಕಲಿಯಬಹುದಾದ ಮಕ್ಕಳಿದ್ದರು. ಎರಡನೆಯದು ಅರ್ಥವಾಗುತ್ತದೆ. ಯಾಕೆಂದು ಬರೆದುಕೊಳ್ಳಬೇಕು.

*

ಅಮೆರಿಕದ ವಾಯವ್ಯ ಮೂಲೆ, ಸಿಯಾಟಲ್ ಸುತ್ತಮುತ್ತ. ಮಳೆ, ಚಳಿ, ಮರ ಕಡಿಯುವವರ ಊರುಗಳು. ಅಲ್ಲಿ ಚೌಕಳಿಯ ಫ್ಲಾನೆಲ್ ಶರ್ಟು ಬೆಚ್ಚಗಿರುವುದಕ್ಕಾಗಿ ಹಾಕುವ ಬಟ್ಟೆ, ಹಳೆ ಬಟ್ಟೆಯಂಗಡಿಯಲ್ಲಿ ಪುಡಿಗಾಸಿಗೆ ಸಿಗುವಂಥದ್ದು. ಗ್ರಂಜ್ ಹುಡುಗರು ಅದನ್ನೇ ಹಾಕಿಕೊಂಡು ವೇದಿಕೆ ಹತ್ತಿದರು. ವೇಷ ಬೇಡ ಎಂಬುದೇ ಅವರ ನಿಲುವಾಗಿತ್ತು. ಪೆರಿ ಎಲ್ಲಿಸ್ ಕಂಪನಿಯಲ್ಲಿದ್ದ ಜೇಕಬ್ಸ್ ನ್ಯೂಯಾರ್ಕಿನಲ್ಲಿ ಎರಡು ಡಾಲರಿಗೆ ಅಂಥದೊಂದು ಶರ್ಟು ಕೊಂಡು ಇಟಲಿಗೆ ಕಳಿಸಿ, ಅದೇ ಚೌಕಳಿಯನ್ನು ರೇಷ್ಮೆಯಲ್ಲಿ ಮಾಡಿಸಿದರು. 1992ರ ನವೆಂಬರಿನಲ್ಲಿ ಪ್ರದರ್ಶನವಾಯಿತು. ವಿಮರ್ಶಕರು ಮೈಮೇಲೆ ಬಿದ್ದರು, ಜೇಕಬ್ಸ್ ಕೆಲಸ ಕಳೆದುಕೊಂಡರು.

ರೇಷ್ಮೆಯ ಫ್ಲಾನೆಲ್! ಚಳಿಗೆಂದು ಹುಟ್ಟಿದ ಬಟ್ಟೆಯಿಂದ ಚಳಿಯನ್ನೇ ತೆಗೆದುಬಿಟ್ಟಿದ್ದರು. ಆದರೂ ಜೇಕಬ್ಸ್ ಅವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅವರು ಆ ಹುಡುಗರನ್ನು ಪ್ರೀತಿಯಿಂದ ನೋಡಿದ್ದರು. ಮೈಮೇಲಿನ ಪದರಗಳು, ಹೊಂದಿಕೆಯಾಗದ ಬಣ್ಣ, ಸುಕ್ಕು, ಎಲ್ಲವೂ ಅವರಿಗೆ ಚೆಲುವಾಗಿ ಕಂಡಿದ್ದವು. ಅದೇ ತಿಂಗಳು ನ್ಯೂಯಾರ್ಕ್ ಟೈಮ್ಸ್ ಗ್ರಂಜ್ ಲೋಕದ ಆಡುನುಡಿಗಳ ಪಟ್ಟಿ ಪ್ರಕಟಿಸಿತು. ಸಬ್ ಪಾಪ್ ಎಂಬ ಸಿಯಾಟಲ್ ಧ್ವನಿಮುದ್ರಣ ಸಂಸ್ಥೆಯಲ್ಲಿ ಮೊದಲು ಕೆಲಸ ಮಾಡಿದ್ದ ಮೆಗನ್ ಜ್ಯಾಸ್ಪರ್ ಫೋನಿನಲ್ಲಿ ಆ ಪದಗಳನ್ನು ಆ ಕ್ಷಣದಲ್ಲೇ ಕಟ್ಟಿ ಹೇಳಿದ್ದರು. ತಮ್ಮ ಬದುಕನ್ನು ಪಟ್ಟಿ ಮಾಡಲು ಬಂದವರಿಗೆ ಆ ಊರು ಕೊಟ್ಟ ಉತ್ತರ ಅದು. ಬಟ್ಟೆ ಸುಟ್ಟದ್ದೂ ಅದೇ ಉತ್ತರ.

ಕೆಲಸ ಕಳೆದುಕೊಂಡ ಜೇಕಬ್ಸ್ 1997ರಲ್ಲಿ ಸೇರಿದ್ದು ಎಲ್ಲಿಗೆ? ಲೂಯಿ ವಿಟಾನ್. ಆ ಕಂಪನಿಯ ಮೊದಲ ಉಡುಪು ಸಂಗ್ರಹವನ್ನು ಮಾಡಿದವರು ಅವರೇ.

*

ಕೊಬೇನ್ 1993ರ ಎಂಟಿವಿ ಕಾರ್ಯಕ್ರಮದಲ್ಲಿ ಹಾಕಿಕೊಂಡಿದ್ದ ಹಸಿರು ಸ್ವೆಟರು 2019ರಲ್ಲಿ 3,34,000 ಡಾಲರಿಗೆ ಹರಾಜಾಯಿತು. ಒಂದು ಗುಂಡಿ ಇಲ್ಲ, ಸಿಗರೇಟು ಸುಟ್ಟ ತೂತಿದೆ, ಒಗೆದೇ ಇಲ್ಲ. ಆ ಕಲೆಗಳಿಗೇ ಬೆಲೆ. ಹೊಸ ಸ್ವೆಟರಿನಲ್ಲಿ ಇದೇ ತೂತನ್ನು ಕಾರ್ಖಾನೆಯಲ್ಲಿ ಕೊರೆದು ಮಾರುವವರಿಗೆ ಇದು ಗೊತ್ತಿಲ್ಲದ್ದೇನಲ್ಲ.

ಜೇಕಬ್ಸ್ 2018ರಲ್ಲಿ ತಮ್ಮ ಗ್ರಂಜ್ ಸಂಗ್ರಹವನ್ನು ಮತ್ತೆ ತಂದಾಗ, ನಿರ್ವಾಣ ತಂಡದ ನಗುಮುಖದ ಚಿತ್ರವನ್ನು ಹೋಲುವ ಟೀ ಶರ್ಟು ಅದರಲ್ಲಿತ್ತು. ಕಣ್ಣಿನ ಜಾಗದಲ್ಲಿ ಜೇಕಬ್ಸ್ ಹೆಸರಿನ ಮೊದಲಕ್ಷರಗಳು. ನಿರ್ವಾಣ ಪರವಾಗಿ ಮೊಕದ್ದಮೆ ಬಿತ್ತು. ನಡುವೆ ರಾಬರ್ಟ್ ಫಿಶರ್ ಎಂಬ ಕಲಾ ನಿರ್ದೇಶಕರು ಬಂದು ಆ ಮುಖ ಬರೆದವನು ನಾನು ಎಂದರು. 2024ರಲ್ಲಿ ರಾಜಿಯಾಯಿತು. ಚಿತ್ರಕ್ಕೆ ಮೂವರು ಹಕ್ಕುದಾರರು ನಿಂತರು; ಸಡಿಲ ಸ್ವೆಟರಿಗೆ, ಚೌಕಳಿ ಶರ್ಟಿಗೆ, ಪದರದ ಮೇಲೆ ಪದರ ಹಾಕುವ ಆ ಚಂದಕ್ಕೆ ಒಬ್ಬರೂ ಇಲ್ಲ.

*

ಬೆಂಗಳೂರಿಗೆ ಬಂದರೆ ಮೆಟಲ್ ಸಂಗೀತ. ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡ ನುಡಿಸಿದವು. ಕಪ್ಪು ಟೀ ಶರ್ಟುಗಳ ಕಡಲು. ಇದೇ ಊರಿನ ಕ್ರಿಪ್ಟೋಸ್ ತಂಡ 1998ರಲ್ಲಿ ಹುಟ್ಟಿ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಮೆಟಲ್ ಉಡುಪಿನ ಚರ್ಮ ಮತ್ತು ಮೊಳೆ ನಮ್ಮ ಹವೆಗೂ ಜೇಬಿಗೂ ಒಗ್ಗಲಿಲ್ಲ. ಕಪ್ಪು ಉಳಿಯಿತು, ತಂಡದ ಹೆಸರು ಉಳಿಯಿತು, ಕೆಲವರು ತೋಳು ಕತ್ತರಿಸಿದ ಡೆನಿಮ್ಮಿಗೆ ಬಟ್ಟೆಯ ಬಿಲ್ಲೆಗಳನ್ನು ತಾವೇ ಹೊಲಿದುಕೊಳ್ಳುತ್ತಾರೆ.

ಆ ಚರ್ಮ ಮತ್ತು ಮೊಳೆಯನ್ನು ಮೆಟಲ್‌ಗೆ ತಂದವರು ಬರ್ಮಿಂಗ್‌ಹ್ಯಾಮ್‌ನ ಜ್ಯೂಡಸ್ ಪ್ರೀಸ್ಟ್ ತಂಡದ ರಾಬ್ ಹ್ಯಾಲ್‌ಫರ್ಡ್, ಎಪ್ಪತ್ತರ ದಶಕದ ಕೊನೆಗೆ. ಸಲಿಂಗಿ ಗಂಡಸರ ಬಳಗದಲ್ಲಿ ಆಗಲೇ ರೂಢಿಯಲ್ಲಿದ್ದ ಉಡುಪು ಅದು. ತಾವು ಸಲಿಂಗಿ ಎಂದು ಹ್ಯಾಲ್‌ಫರ್ಡ್ ಬಹಿರಂಗವಾಗಿ ಹೇಳಿದ್ದು 1998ರಲ್ಲಿ. ಅಲ್ಲಿಯತನಕ ಜಗತ್ತಿನ ಲಕ್ಷಾಂತರ ಹುಡುಗರು ಗಂಡಸುತನದ ಗುರುತೆಂದು ಮೈಮೇಲೆ ಹೊತ್ತದ್ದು ಯಾರ ಬಟ್ಟೆಯೆಂದು ಅವರಿಗೆ ತಿಳಿದಿರಲಿಲ್ಲ. ಇದನ್ನು ಕಳವು ಎನ್ನಲಾರೆ. ಹೇಳಿಕೊಳ್ಳಲಾಗದ ಒಬ್ಬ ಮನುಷ್ಯ ತನ್ನ ಗುಟ್ಟನ್ನು ಎಲ್ಲರ ಮೈಮೇಲೂ ಹೊದಿಸಿಬಿಟ್ಟ ಎಂದೇ ನನಗೆ ಅನಿಸುತ್ತದೆ.

2015ರಲ್ಲಿ ಎಚ್ ಅಂಡ್ ಎಂ ಕಂಪನಿ ಇಲ್ಲದ ಮೆಟಲ್ ತಂಡಗಳ ಬಿಲ್ಲೆ ಅಂಟಿಸಿದ ಬಟ್ಟೆ ಮಾರಿತು. ಮೆಟಲ್ ಲೋಕದ ಕೆಲವರು ಆ ಹೆಸರುಗಳಿಗೆ ಚರಿತ್ರೆಯನ್ನೂ ಹಾಡುಗಳನ್ನೂ ಸೃಷ್ಟಿಸಿಬಿಟ್ಟರು. ಬಟ್ಟೆಯ ಹಿಂದೆ ಸಂಗೀತ ಇರಲೇಬೇಕೆಂಬ ಹಟ. ನನಗೆ ಈ ಹಟದ ಮೇಲೆ ಗೌರವವಿದೆ.

*

ಹಾಡುಗಾರ ರಘು ದೀಕ್ಷಿತ್ ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರು ಹಿಡಿಯುತ್ತಾರೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ನಾಳೆ ಯಾವುದೋ ದೊಡ್ಡ ಫ್ಯಾಷನ್ ಕಂಪನಿ ರೇಷ್ಮೆ ಲುಂಗಿಗೆ ಗೆಜ್ಜೆ ಕೂರಿಸಿ ಮಾರಿದರೆ ಕೇಳುವವರು ಯಾರು? ದೀಕ್ಷಿತ್ ಅವರೇ? ಲುಂಗಿಯನ್ನು ಎತ್ತಿ ಕಟ್ಟಿ ದುಡಿಯುವ ಊರೂರಿನ ಗಂಡಸರೇ?

*

2023ರ ಫೆಬ್ರುವರಿಯಲ್ಲಿ ಲೂಯಿ ವಿಟಾನ್ ತನ್ನ ಗಂಡಸರ ಉಡುಪು ವಿಭಾಗಕ್ಕೆ ಹಾಡುಗಾರ, ಸಂಗೀತ ನಿರ್ಮಾಪಕ ಫ್ಯಾರೆಲ್ ವಿಲಿಯಮ್ಸ್ ಅವರನ್ನು ನೇಮಿಸಿತು. ಅವರಿಗಿಂತ ಮುಂಚೆ ಅಲ್ಲಿದ್ದ, 2021ರಲ್ಲಿ ತೀರಿಕೊಂಡ ವರ್ಜಿಲ್ ಅಬ್ಲೋ ಕೂಡ ಡಿಜೆ. ದಾಳಿ ಮಾಡಿ ಅಂಗಡಿ ಮುಚ್ಚಿಸಿದ ಕಾಲ ಹೋಗಿ ಸಂಗೀತಗಾರನನ್ನೇ ಕರೆದು ಕುರ್ಚಿ ಕೊಡುವ ಕಾಲ ಬಂದಿದೆ. ಒಬ್ಬರಿಗೆ ಕುರ್ಚಿ ಸಿಕ್ಕಿತು. ಬಳಗಕ್ಕೆ?

*

ನಮ್ಮ ದೇಶದ ಕಾಯ್ದೆಗಳನ್ನು ತೆಗೆದು ಓದಿದೆ. 2000ದ ವಿನ್ಯಾಸ ಕಾಯ್ದೆ ಉಡುಪಿನ ಆಕಾರಕ್ಕೂ ರಕ್ಷಣೆ ಕೊಡಬಲ್ಲದು: ನೋಂದಾಯಿಸಿದರೆ ಹತ್ತು ವರ್ಷ, ಮತ್ತೆ ಐದು ವರ್ಷ ಮುಂದುವರಿಕೆ. ಆದರೆ ವಿನ್ಯಾಸ ಹೊಸದಾಗಿರಬೇಕು, ಅರ್ಜಿಗೆ ಮೊದಲು ಲೋಕ ಕಂಡಿರಬಾರದು. ಮೈಮೇಲೆ ಹಾಕಿಕೊಂಡು ಬೀದಿಗಿಳಿದದ್ದು, ಬೀದಿಗಿಳಿದ ಆ ದಿನವೇ ಅನರ್ಹ.

ಇನ್ನೊಂದು ಕಾಯ್ದೆ ಇದೆ, 1999ರ ಭೌಗೋಳಿಕ ಸೂಚಕಗಳದು. ಇಳಕಲ್ ಸೀರೆಗೆ, ಮೊಳಕಾಲ್ಮೂರು ಸೀರೆಗೆ ಅದರ ರಕ್ಷಣೆ ಸಿಕ್ಕಿದೆ. ಅಲ್ಲಿ ಹೊಸತನ ಕೇಳುವುದಿಲ್ಲ. ಹಳೆಯದಾದರೂ ಅಡ್ಡಿಯಿಲ್ಲ. ಒಬ್ಬ ಒಡೆಯನನ್ನೂ ಕೇಳುವುದಿಲ್ಲ. ನೇಕಾರರ ಇಡೀ ಬಳಗ ಒಡೆಯ. ಕೇಳುವುದು ಊರನ್ನು. ಇಳಕಲ್‌ನ ಮಗ್ಗ ಇಳಕಲ್‌ನಲ್ಲಿರುತ್ತದೆ. ಹಾರ್ಲೆಮ್‌ನ ತೋಳಿಗೆ ಹಾರ್ಲೆಮ್ ಇತ್ತು, ಫ್ಲಾನೆಲ್ ಪದರಗಳಿಗೆ ಸಿಯಾಟಲ್ ಇತ್ತು. ಅಂಥ ಕಡೆಗಳಲ್ಲಿ ಇದೇ ದಾರಿಯಲ್ಲಿ ಯೋಚಿಸಬಹುದೇನೋ. ಆದರೆ ಊರೇ ಇಲ್ಲದೆ, ಒಂದು ಸದ್ದಿನ ಸುತ್ತ ಬರ್ಮಿಂಗ್‌ಹ್ಯಾಮಿನಲ್ಲೂ ಬೆಂಗಳೂರಿನಲ್ಲೂ ಕೂಡಿದ ಬಳಗವಿದೆಯಲ್ಲ, ಅದರ ಹೆಸರಿನಲ್ಲಿ ಅರ್ಜಿ ಹಾಕುವುದು ಯಾರು, ಊರಿನ ಕಾಲಮ್ಮಿನಲ್ಲಿ ಏನೆಂದು ಬರೆಯುವುದು?